ಸೋಮವಾರ ಇಲ್ಲದವನ ಟಿ.ಸಿ.

ನಮ್ಮ ಖಾಸಗಿ ಕಾಲೇಜಿನಲ್ಲಿ ಮೊದಲು ಪೆಟ್ಟು, ವಿಚಾರಣೆ ಆಮೇಲೆ. ಸೋಮವಾರ ಚಕ್ಕರ್ ಹೊಡೆದು ಗುಡಗೇರಿಗೆ ಹೋಗಿದ್ದಕ್ಕೆ ಪ್ರಿನ್ಸಿಪಾಲರು ಮಂಗಳವಾರ ನನ್ನ ಅಂಗೈ ಮೇಲೆ ಒಂದು ಬೆತ್ತ ಮುರಿದರು. ಅದೇ ಸೋಮವಾರ ಪ್ರಯೋಗಶಾಲೆಯ ಗಾಜನ್ನೂ ನಾನೇ ಒಡೆದೆನೆಂದು ಬುಧವಾರ ಕುಂಡಿಯ ಮೇಲೆ ಇನ್ನೊಂದು ಮುರಿದರು. ಪರೀಕ್ಷೆಗೆ ನಾಲ್ಕೇ ದಿನವಿತ್ತು. ನನ್ನನ್ನು ಹೊರಹಾಕುವ ಟಿ.ಸಿ. ಆಗಲೇ ಬರೆದಾಗಿತ್ತು, ಸಹಿ ಮಾಡಲು ಆಡಳಿತ ಮಂಡಳಿಯ ಅಧ್ಯಕ್ಷರೂ ಬಂದು ಕೂತಿದ್ದರು.

"ಸೋಮವಾರ ನಾ ಇರಲೇ ಇಲ್ರಿ ಸರ."

"ಕೇಳಿದಾಗ ಮಾತಾಡಲೇ," ಎಂದು ಪ್ರಿನ್ಸಿಪಾಲರು ಗದರಿದರು.

"ನೀವು ಕೇಳಾಂಗಿಲ್ಲಲ್ರಿ."

ಕಪಾಳಕ್ಕೆ ಬಿದ್ದ ಏಟಿಗೆ ನಾನು ಮೂರು ಸುತ್ತು ತಿರುಗಿದೆ. ನಿಂತಾಗ ಮುಖ ಅಣ್ಣಿಗೇರಿ ಊರಿನ ಕಡೆಗಿತ್ತು, ತುಟಿಯ ರಕ್ತ ಟಿ.ಸಿ. ಮೇಲಿತ್ತು.

ಅಧ್ಯಕ್ಷರು ಹಾಜರಿ ಪುಸ್ತಕ ತರಿಸಿದರು. ಸೋಮವಾರ ನಾನು ಗೈರುಹಾಜರೆಂದು ಪ್ರಿನ್ಸಿಪಾಲರೇ ಬರೆದಿದ್ದರು.

"ಅಲ್ರಿ ಸರ, ಇಲ್ಲದಾವ ಗಾಜು ಹೆಂಗ ಒಡದಾನು?" ಎಂದು ಅಧ್ಯಕ್ಷರು ಪ್ರಿನ್ಸಿಪಾಲರನ್ನು ಕೇಳಿದರು.

"ಇವನ ಒಡದಾನ್ರಿ," ಎಂದರು ಪ್ರಿನ್ಸಿಪಾಲರು. "ತಪ್ಪು ಮಾಡದಾವಗ ನಾ ಇಷ್ಟು ಹೊಡೀತಿದ್ನೇನ್ರಿ?"

ಅಧ್ಯಕ್ಷರು ಒಂದು ಕ್ಷಣ ಅದನ್ನೂ ಯೋಚಿಸಿದರು. ಆಮೇಲೆ ಟಿ.ಸಿ. ಹರಿದರು.

ಮೊದಲ ಮೂರು ಪೇಪರುಗಳನ್ನು ನಾನು ಬೆಂಚಿನ ಬಾಜು ನಿಂತೇ ಬರೆದೆ.