ಎರಡು ಸಲ ಓದಿದ ಹೆಸರು

ಕಳಸದ ಕಾಫಿ ಡಿಪೋದಲ್ಲಿ ಗೋಣಿಚೀಲ ಹೊಲಿಯುತ್ತಿದ್ದ ಅವರು ಮಾನಸಿಕ ಆಸ್ಪತ್ರೆಯಲ್ಲಿ ಆರು ತಿಂಗಳಿದ್ದು ಬಂದವರು. ಯಾರಾದರೂ ಕೆದಕಿದರೆ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು, "ಜ್ವರ ಬಂದು ಹೋಗಲ್ವಾ ಮಾರಾಯ್ರೆ, ಹಾಗೇ" ಎನ್ನುತ್ತಿದ್ದರು. ಊರು ಮಾತ್ರ ಅವರನ್ನು ಹುಚ್ಚ ಎಂದೇ ಕರೆಯುತ್ತಿತ್ತು.

ಎಂಬತ್ತರ ದಶಕದ ಒಂದು ಚುನಾವಣೆಯಲ್ಲಿ, ಮೇಷ್ಟ್ರಾಗಿದ್ದ ನನಗೆ ಮತಗಟ್ಟೆಯಲ್ಲಿ ಪಟ್ಟಿ ನೋಡಿ ಹೆಸರು ಓದುವ ಕೆಲಸ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಪಕ್ಷದ ಏಜೆಂಟನೊಬ್ಬ, "ಇವನಿಗೆ ತಲೆ ಸರಿಯಿಲ್ಲ ಸಾರ್, ಓಟು ಯಾಕೆ?" ಎಂದ.

"ಜ್ವರ ಬಂದು ಹೋದೋರು ಓಟು ಹಾಕಲ್ವಾ?" ಎಂದರು ಅವರು.

ಮತಗಟ್ಟೆ ಅಧಿಕಾರಿ, "ಪಟ್ಟೀಲಿ ಇದ್ದಾರಲ್ಲ, ಓದಿ ಮೇಷ್ಟ್ರೇ" ಎಂದರು. ಓದಿದೆ.

"ಇನ್ನೊಂದ್ಸಲ ಓದಿ ಮೇಷ್ಟ್ರೇ, ಗಟ್ಟಿಯಾಗಿ" ಎಂದರು ಚೀಲ ಹೊಲಿಯುವ ಅವರು.

ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡು, ಆಮೇಲೆ ಶಾಯಿಗೆ ಬೆರಳು ಚಾಚಿದರು.

ಮರುದಿನ ನಾನು ಡಿಪೋದ ಮುಂದೆ ಹೋಗುವಾಗ ಅವರು ಶಾಯಿಯ ಬೆರಳೆತ್ತಿ ತೋರಿಸಿದರು. ಹೆಸರು ಹಿಡಿದು ಕರೆಯಬೇಕೆನಿಸಿತು. ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಎರಡು ಸಲ ಓದಿದವನ ತಲೆಯಿಂದ ಅದು ಎಲ್ಲಿ ಹೋಯಿತೋ, ಇವತ್ತಿಗೂ ಅರ್ಥವಾಗಿಲ್ಲ. ನಾಲಿಗೆಯ ತುದಿಗೆ ಬಂದು ನಿಂತದ್ದು ಊರಿನವರ ಆ ಪದ.

ಅವರು ಬೆರಳು ಇಳಿಸದೆ ಕಾಯುತ್ತಿದ್ದರು.