ಸೂರ್ಯನಿಲ್ಲದ ಬಿಸಿಲು

ಕಂಬಳಿಯ ವಾಸನೆಯನ್ನು ಮಾತಿನಲ್ಲಿ ಹೇಳಲು ಹೋಗಿ ನಾನು ಎಷ್ಟೋ ಸಲ ಸೋತಿದ್ದೇನೆ. ಒಂದಿಷ್ಟು ಕುರಿ, ಒಂದಿಷ್ಟು ಒಲೆಯ ಹೊಗೆ, ನೇಯುವಾಗ ನೂಲಿಗೆ ಹಚ್ಚಿದ ಒಂದಿಷ್ಟು ಹುಣಸೆಬೀಜದ ಗಂಜಿ, ಎಲ್ಲಾ ಸೇರಿಸಿ ಹೇಳಿದರೂ ಏನೋ ಉಳಿದುಬಿಡುತ್ತದೆ. ಮೊನ್ನೆ ಮಂಚದ ಕೆಳಗಿನ ಟ್ರಂಕು ತೆರೆದಾಗ ಆ ವಾಸನೆ ಎದ್ದು ಬಂದು ಇಡೀ ಮನೆಯನ್ನು ಹೊಕ್ಕಿತು. ರಾಯಚೂರಿನ ಬೇಸಿಗೆ ನಿಮಗೆ ಗೊತ್ತಲ್ಲ, ಇಲ್ಲಿ ವಾಸನೆಗಳೂ ಬೆವರುತ್ತವೆ.

ಪಕ್ಕದ ಮನೆಯ ಶಾರದಾ ಶೇಂಗಾ ಸುಲಿಯಲೆಂದು ಮೊರ ಹಿಡಿದುಕೊಂಡು ನಮ್ಮ ಫ್ಯಾನಿನ ಕೆಳಗೆ ಬಂದು ಕೂತಿದ್ದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು, "ಅಕ್ಕೋರ, ಕುರಿ ಹಿಂಡು ಮನಿಯಾಗ ಬಂದಂಗ ಆತಲ್ರಿ! ಆ ಕಂಬಳಿ ಇತ್ಲಾಗ ಕೊಡ್ರಿ, ನಮ್ಮ ನಾಯಿಗಿ ಹಾಸ್ತೀನಿ" ಅಂದಳು.

ನಾಯಿಗೆ! ನನ್ನ ಮೈಯೆಲ್ಲಾ ಉರಿದುಹೋಯಿತು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ, ಆದರೆ ಇದು ದೊಡ್ಡ ಕಾರಣವೇ. "ನೋಡವ್ವಾ, ಇದು ಕಂಬಳಿ ಅಲ್ಲ, ನನ್ನ ಬಹುಮಾನ" ಎಂದೆ. ಅಷ್ಟರಲ್ಲಿ ಕಂಬಳಿಯ ಮಡಿಕೆಯೊಳಗಿಂದ ಒಂದು ವಿಡಿಯೋ ಕ್ಯಾಸೆಟ್ಟು ಜಾರಿ ಬಿತ್ತು. "ಇದೇನ್ರಿ?" "ಸಿನಿಮಾ. ಕಂಪ್ಯೂಟರಿನಾಗ ನಾನು ಮಾಡಿದ್ದು." ಶಾರದಾ ನಕ್ಕಳು. ನಗಲಿ ಬಿಡಿ. ಕ್ಯಾಸೆಟ್ಟಿನ ತುಂಬಾ ಬೂಷ್ಟು ಹಿಡಿದಿದೆ, ಹಾಕಿ ತೋರಿಸೋಣವೆಂದರೆ ಅದರ ಯಂತ್ರ ಈಗ ಯಾರ ಮನೆಯಲ್ಲೂ ಇಲ್ಲ. ಬಾಯಿಂದ ಹೇಳುವುದೊಂದೇ ಉಳಿದ ದಾರಿ. ಅವಳು ಸುಲಿಯುತ್ತಾ ಕೇಳಿದಳು, ನೀವೂ ಒಂದು ಮಣೆ ಎಳೆದುಕೊಂಡು ಕೂತುಕೊಳ್ಳಿ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಅಕ್ಕೋರು. ಸರ್ಕಾರದ ಯಾವುದೋ ಯೋಜನೆಯಲ್ಲಿ ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಬಂದ ದಿನ ಅದಕ್ಕೆ ಆರತಿಯಾಯಿತು, ಕಾಯಿ ಒಡೆದದ್ದಾಯಿತು. ನಮ್ಮ ಹೆಡ್ ಮಾಸ್ತರು ಭಕ್ತಿ ಹೆಚ್ಚಾಗಿ ಕೀಲಿಮಣೆಗೂ ಕುಂಕುಮ ಹಚ್ಚಿದರು. ಅದು ಕೀಲಿಗಳ ಸಂದಿಗೆ ಇಳಿದು ಸೊನ್ನೆಯ ಕೀಲಿ ಒತ್ತಿದರೆ ಮೇಲೇಳದಂತಾಯಿತು. ಸೊನ್ನೆ ಒಂದು ಸಲ ಒತ್ತಿದರೆ ಸಾಲುಸಾಲು ಸೊನ್ನೆ. ಪರೀಕ್ಷೆಯಲ್ಲಿ ನನ್ನ ಕೆಲವು ಶಿಷ್ಯರು ಪಡೆಯುತ್ತಿದ್ದದ್ದೂ ಅದೇ, ಹಾಗಾಗಿ ನನಗೆ ಹೊಸದೇನೂ ಅನ್ನಿಸಲಿಲ್ಲ. ಹೇರ್‌ಪಿನ್ನಿನಿಂದ ಕೆರೆದು ಸರಿಮಾಡಿದೆ.

ಇಪ್ಪತ್ತು ದಿನದ ತರಬೇತಿ ಮುಗಿಸಿಕೊಂಡು ಬಂದವಳು ನಾನೊಬ್ಬಳೇ. ನಿಜ ಹೇಳುತ್ತೇನೆ, ಆ ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಇಡೀ ಮಾನ್ವಿಯಲ್ಲಿ ನನ್ನ ಮಾತನ್ನು ಒಂದೇ ಸಲಕ್ಕೆ ಕೇಳುತ್ತಿದ್ದದ್ದು ಅದೊಂದೇ. ಆದರೆ ಕರೆಂಟು ಇದ್ದರೆ ಪಾಠ, ಇಲ್ಲದಿದ್ದರೆ ಬೀಗ. ಆರು ತಿಂಗಳಾದ ಮೇಲೆ ಮೇಲಿನವರಿಂದ ಕಾಗದ ಬಂತು. ಮಾನ್ವಿಯಲ್ಲಿ ಯಂತ್ರ ಉಪಯೋಗವಾಗುತ್ತಿಲ್ಲ, ರಾಯಚೂರಿನ ವಿಜ್ಞಾನ ಪ್ರದರ್ಶನದಲ್ಲಿ ಅದರಿಂದ ಏನಾದರೂ ಮಾಡಿ ತೋರಿಸದಿದ್ದರೆ ಬೇರೆ ಶಾಲೆಗೆ ಸಾಗಿಸಲಾಗುವುದು. ಹೆಡ್ ಮಾಸ್ತರು ಕಾಗದ ನನ್ನ ಮುಂದಿಟ್ಟು, "ಹೋದ್ರ ಹೋಗ್ಲಿ ಬಿಡವ್ವಾ, ಆ ರೂಮಿನಾಗ ಬೆಂಚರ ಹಾಕಬಹುದು" ಅಂದರು. ನಾನು ಅಂದು ಊಟ ಮಾಡಲಿಲ್ಲ.

ಏನು ತೋರಿಸಬೇಕು? ಬೇರೆ ಶಾಲೆಯವರು ಗುಣಾಕಾರದ ಮಗ್ಗಿ ತೋರಿಸುತ್ತಾರೆಂದು ಸುದ್ದಿ. ನನಗೆ ಹಟ, ಸಿನಿಮಾ ಮಾಡುತ್ತೇನೆ, ಚಿತ್ರಗಳು ನಡೆದಾಡಬೇಕು. ಶಾಲೆಯ ಕಿಟಕಿಯಿಂದ ದಿನಾ ಕಾಣುತ್ತಿದ್ದದ್ದು ಬಯಲು, ಬಯಲಿನಲ್ಲಿ ಕುರಿ. ಸರಿ, ಕುರಿ. ಚೌಕ, ಗೆರೆ, ವೃತ್ತ ಸೇರಿಸಿ ಒಂದು ಕುರಿ ಬರೆದೆ. ನಮ್ಮ ಕಡೆಯ ಕುರಿ ಕರಿಯವು, ಪರದೆಯೂ ಕರಿಯದು. ಅದಕ್ಕೇ ಬಿಳಿ ಕುರಿ ಮಾಡಿದೆ. ಮುಂದಿನ ಎರಡು ಕಾಲು ಒಟ್ಟಿಗೆ, ಹಿಂದಿನ ಎರಡು ಕಾಲು ಒಟ್ಟಿಗೆ ಎತ್ತಿಸಿದೆ. ನಡೆಯಿತು! ನಾನು ಚಪ್ಪಾಳೆ ತಟ್ಟಿದೆ.

ಹಿಂದೆ ಕಸಬರಿಗೆ ಹಿಡಿದು ನಿಂತಿದ್ದವಳು ನಿಂಗಮ್ಮ. ಶಾಲೆಯ ಕಸ ಹೊಡೆದು, ನೀರು ತುಂಬಿಸಿ, ಗಂಟೆ ಬಾರಿಸುವವಳು. ದೇವದುರ್ಗದ ಕಡೆಯ ಕುರಿಗಾರರ ಮಗಳು, ನನ್ನದೇ ವಯಸ್ಸು. ಕೇಳದೆ ಮಾತಾಡುವ ಹೆಂಗಸಲ್ಲ. ಅಂದು ಮಾತ್ರ ತಡೆಯಲಾರದೆ ಕೇಳಿದಳು, "ಅಕ್ಕೋರ, ಇದು ಏನ್ರಿ?"

"ಕುರಿ ನಿಂಗಮ್ಮ."

"ಯಾವ ಊರಿನ ಕುರಿ ಇಷ್ಟು ಬೆಳ್ಳಗ ಇರ್ತಾವ್ರಿ? ಅದು ಹೋಗ್ಲಿ. ಕುರಿ ಹಿಂಗ ನಡಿಯಂಗಿಲ್ರಿ. ಮಂಚಕ್ಕ ಜೀವ ಬಂದಂಗ ಅದ."

ನನ್ನ ಮುಖ ಬಾಡಿತು. ಎಂಟು ದಿನದ ಕೆಲಸ ಅದು. ಅವಳಿಗೆ ಪಾಪ ಅನ್ನಿಸಿತೋ ಏನೋ, ಕಸಬರಿಗೆ ಗೋಡೆಗೆ ಒರಗಿಸಿ, ಸೀರೆಯ ಕಚ್ಚೆ ಬಿಗಿದು ನೆಲಕ್ಕೆ ಕೈಯೂರಿ ನಾಲ್ಕು ಕಾಲಿನಲ್ಲಿ ನಡೆಯತೊಡಗಿದಳು. "ನೋಡ್ರಿ, ಎಡಕಿನ ಹಿಂಗಾಲು, ಅದರ ಬೆನ್ನಿಗೇ ಎಡಕಿನ ಮುಂಗಾಲು. ಆಮ್ಯಾಲ ಬಲಕಿನವು. ಮುಂದಿನ ಕಾಲು ಬಿಟ್ಟ ಹೆಜ್ಜಿ ಮ್ಯಾಲ ಹಿಂದಿನ ಕಾಲು ಬೀಳಬೇಕು." ನಾನೂ ಕೈಯಲ್ಲಿದ್ದ ಹಾಳೆ ಬದಿಗಿಟ್ಟು ಅವಳ ಹಿಂದೆ ನಾಲ್ಕು ಕಾಲಾದೆ. ಅದೇ ಹೊತ್ತಿಗೆ ಹೆಡ್ ಮಾಸ್ತರು ಬಾಗಿಲು ತೆಗೆದರು. "ಏನು ನಡದದ ಇಲ್ಲಿ?"

"ಕುರಿ ನಡದದ್ರಿ, ಸರ" ಅಂದಳು ನಿಂಗಮ್ಮ, ಕೆಳಗಿನಿಂದಲೇ. ಅವರು ಬಾಗಿಲು ಹಾಕಿಕೊಂಡು ಹೋದರು. ಆಮೇಲೆ ಒಂದು ವಾರ ನನ್ನ ಜೊತೆ ಮಾತಿಲ್ಲ.

ಪರದೆಯನ್ನೆಲ್ಲಾ ಬೆಳ್ಳಗೆ ಮಾಡಿ ಕುರಿಯನ್ನು ಕರ್ರಗೆ ಮಾಡಿದೆ. ಕಾಲು ಸರಿಯಾಯಿತು. ನಿಂಗಮ್ಮ "ಹಾಂ, ಈಗ ಬಂತು" ಅಂದ ದಿನ ನನಗೆ ಡಿಗ್ರಿ ಬಂದ ದಿನಕ್ಕಿಂತ ಹೆಚ್ಚು ಖುಷಿಯಾಯಿತು. ಒಂದು ಕುರಿ ಆದ ಮೇಲೆ ಮೂವತ್ತು ಕುರಿ. ಗಣಿತದವಳ ಬುದ್ಧಿ ನೋಡಿ, ಐದು ಸಾಲು, ಸಾಲಿಗೆ ಆರು, ನಡುವೆ ಸಮ ಅಂತರ. ನಿಂಗಮ್ಮ ಹಣೆ ಹಣೆ ಬಡಿದುಕೊಂಡಳು. "ಆಗಸ್ಟ್ ಹದಿನೈದರ ಕವಾಯತು ಏನ್ರಿ ಇದು? ಝಂಡಾ ಒಂದು ಕಮ್ಮಿ ಅದ ನೋಡ್ರಿ!"

"ಮತ್ತೆ ಹ್ಯಾಗೆ ಹೋಗ್ತಾವ? ಯಾರು ಹೇಳ್ತಾರ ಅವಕ್ಕ?" ಎಂದು ರೇಗಿದೆ.

ಅವಳು ರೇಗಲಿಲ್ಲ. ಕಿಟಕಿಯ ಬೆಳಕು ಪರದೆಗೆ ಬೀಳದಿರಲೆಂದು ತನ್ನ ಮನೆಯ ಕಂಬಳಿಗಳನ್ನು ತಂದು ಕಟ್ಟಿದ್ದಳು. ಅದರಲ್ಲಿ ಒಂದನ್ನು ಬಿಚ್ಚಿ ನೆಲಕ್ಕೆ ಹಾಸಿ, ಮಡಿಲಿನಿಂದ ಒಂದು ಹಿಡಿ ಶೇಂಗಾ ಬೀಜ ತೆಗೆದು ಚೆಲ್ಲಿದಳು. "ಯಾರೂ ಹೇಳಂಗಿಲ್ರಿ. ಒಂದೊಂದು ಕುರಿ ತನ್ನ ಮಗ್ಗಲಿನ ಕುರಿ ಅಷ್ಟೇ ನೋಡ್ತದ. ಮುಂಜಾನಿ ತಂಪೊತ್ತಿನಾಗ ದೂರ ದೂರ ಮೇಯ್ತಾವ, ಆದ್ರ ಮಗ್ಗಲಿಂದು ಕಣ್ಣಿಗಿ ಬೀಳಬೇಕು. ಬಿಸಿಲು ಏರಿದಂಗ ಹತ್ತರ ಹತ್ತರ ಸರಿತಾವ. ನಡು ಮಧ್ಯಾಹ್ನ ಆತಂದ್ರ ಒಂದು ಕುರಿ ತಲಿ ಇನ್ನೊಂದರ ಹೊಟ್ಟಿ ಬುಡಕ. ಅದರ ನೆರಳು ಇದಕ್ಕ, ಇದರ ನೆರಳು ಮತ್ತೊಂದಕ್ಕ." ಹೇಳುತ್ತಾ ಹೇಳುತ್ತಾ ಎರಡೂ ಕೈಯಿಂದ ಬೀಜಗಳನ್ನು ಒಂದೊಂದಾಗಿ ಸರಿಸಿದಳು. ನನ್ನ ಕಣ್ಣ ಮುಂದೆ ಬೀಜಗಳು ತಲೆ ಬಗ್ಗಿಸಿದವು, ಸುಳ್ಳು ಹೇಳುವುದಿಲ್ಲ.

ಅಂದು ನಾನು ಸಾಲು ಬರೆಯುವುದನ್ನು ಬಿಟ್ಟೆ. ಯಾವ ಕುರಿ ಎಲ್ಲಿಗೆ ಹೋಗಬೇಕೆಂದು ಯಂತ್ರಕ್ಕೆ ಹೇಳಲೇ ಇಲ್ಲ. ಒಂದೊಂದು ಕುರಿಗೂ ಒಂದೇ ಮಾತು ಹೇಳಿಕೊಟ್ಟೆ. ಮಗ್ಗಲಿನದನ್ನು ನೋಡು, ಬಿಸಿ ಹೆಚ್ಚಾದಷ್ಟು ಅದರ ಹತ್ತಿರ ಹೋಗು. ಬಿಸಿ ಎಂಬುದು ಪ್ರೋಗ್ರಾಮಿನಲ್ಲಿ ಒಂದು ಅಂಕಿ, ಅಷ್ಟೆ. ಒತ್ತಿ ಬಿಟ್ಟೆವು. ಚದುರಿದ್ದ ಮೂವತ್ತು ಕುರಿಗಳು ತಮ್ಮಷ್ಟಕ್ಕೆ ತಾವೇ ಸರಿದು, ಕೊನೆಗೆ ಮೂರು ಗುಂಪಾಗಿ ನಿಂತವು. ಮೂರು ಗುಂಪೆಂದು ನಾನು ಹೇಳಿರಲಿಲ್ಲ! ನಿಂಗಮ್ಮ ಕೈ ಬಾಯಿಗಿಟ್ಟುಕೊಂಡು, "ಯಪ್ಪಾ! ನಮ್ಮ ಹಿಂಡೇ ಅದ" ಅಂದಳು. ಅವಳ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ.

ತೊಂದರೆ ಒಂದಿತ್ತು. ಆ ಯಂತ್ರ ಮಹಾ ನಿಧಾನ, ಮೂವತ್ತು ಕುರಿಗಳ ಒಂದು ಹೆಜ್ಜೆಯ ಚಿತ್ರ ಬರೆಯಲು ಒಂದು ನಿಮಿಷ. ಜೀವಂತ ಕುರಿಯಂತೆ ಕಾಣಬೇಕೆಂದರೆ ಮದುವೆ ವಿಡಿಯೋ ತೆಗೆಯುವ ಮಹಬೂಬನೇ ಬೇಕಾಯಿತು. ಭಾನುವಾರ ಮಧ್ಯಾಹ್ನ ಮದುವೆ ಇಲ್ಲದಾಗ ಬರುತ್ತಿದ್ದ. ಒಂದು ಚಿತ್ರ ಮೂಡಿದ ಕೂಡಲೇ ಕ್ಯಾಮೆರಾ ಒತ್ತಿ ತಕ್ಷಣ ನಿಲ್ಲಿಸುವುದು, ಮುಂದಿನದು ಮೂಡುವ ತನಕ ಕಾಯುವುದು, ಮತ್ತೆ ಒತ್ತುವುದು. "ಮದುವ್ಯಾಗ ಮಂದಿ ಅಲುಗಾಡ್ತಾರಂತ ಬೈತಿದ್ದೆ ಅಕ್ಕೋರ, ಇಲ್ಲಿ ಅಲುಗಾಡವಲ್ಲವು ಅಂತ ಬೈಬೇಕಾಗ್ಯಾದ" ಎನ್ನುತ್ತಿದ್ದ. ನಡುವೆ ಕರೆಂಟು ಹೋದರೆ ಕಥೆ ಮುಗಿಯಿತು, ಹಾಡಿನ ಕ್ಯಾಸೆಟ್ಟಿನಲ್ಲಿ ಕೀಚುದನಿಯಾಗಿ ಉಳಿಸಿಟ್ಟ ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನಿಂದ ಮತ್ತೆ ಯಂತ್ರಕ್ಕೆ ತುಂಬಬೇಕು. ಆ ಕೀಚುದನಿಗೆ ಬೀದಿಯ ನಾಯಿಗಳೆಲ್ಲಾ ಸೇರುತ್ತಿದ್ದವು. ಹನ್ನೊಂದು ಭಾನುವಾರ ಕಳೆದು ಒಂದು ನಿಮಿಷ ಚಿಲ್ಲರೆಯ ಸಿನಿಮಾ ಆಯಿತು. ಈಗಿನವರು ಒಂದೊಂದು ಕೂದಲೂ ಅಲುಗಾಡುವ ಕುರಿ ಮಾಡುತ್ತಾರೆ, ನೋಡಿದ್ದೇನೆ. ಮೊದಲು ನಾನು ನೋಡುವುದು ಕಾಲನ್ನೇ.

ಪ್ರದರ್ಶನದ ದಿನ ರಾಯಚೂರಿನ ಟೌನ್ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಟೀವಿಯ ಮುಂದೆ ತೀರ್ಪುಗಾರರು ಬಂದು ನಿಂತರು. ಮುಖ್ಯರಾದವರು ಬೆಂಗಳೂರಿನಿಂದ ಬಂದಿದ್ದ ಕಂಪ್ಯೂಟರ್ ಪಂಡಿತರು. ಸಿನಿಮಾ ಓಡಿತು. ಕುರಿಗಳು ಮೇಯ್ದವು, ಸರಿದವು, ಗುಂಪಾಗಿ ನಿಂತವು. ಪಂಡಿತರು ಕನ್ನಡಕ ತೆಗೆದು ಒರೆಸುತ್ತಾ, "ಶುರು ಚೆನ್ನಾಗಿತ್ತು. ಕೊನೆಯಲ್ಲಿ ಪ್ರೋಗ್ರಾಮ್ ಕೆಟ್ಟಿದೆಯಲ್ಲಮ್ಮಾ, ಎಲ್ಲಾ ಒಂದರ ಮೇಲೊಂದು ಬಂದು ಅಲ್ಲಲ್ಲೇ ಸಿಕ್ಕಿಕೊಂಡಿವೆ. ತಪ್ಪನ್ನು ತಿದ್ದಿ ತರಬೇಕಿತ್ತು" ಅಂದರು. ಅವರ ಪಕ್ಕದವರು ಕಾಗದದ ಮೇಲೆ ಏನೋ ಬರೆದುಕೊಂಡರು.

ತಪ್ಪಲ್ಲ ಎಂದು ನಾನು ಹೇಳಬೇಕಿತ್ತಲ್ಲವೇ? ತರಗತಿಯಲ್ಲಿ ಗುಡುಗುವ ನನ್ನ ನಾಲಿಗೆ ಅಂದು ಅಂಗುಳಕ್ಕೆ ಅಂಟಿಕೊಂಡಿತ್ತು. ಕಣ್ಣ ಮುಂದೆ ಬಂದದ್ದು ಮಾನ್ವಿಯ ಆ ಕೋಣೆಯಲ್ಲಿ ಹಾಕಿದ ಬೆಂಚುಗಳು. ನಿಂಗಮ್ಮ ನನ್ನ ರಟ್ಟೆ ಹಿಡಿದು, "ಹೇಳ್ರಿ ಅಕ್ಕೋರ, ಹೇಳ್ರಿ" ಎಂದು ತಿವಿಯುತ್ತಿದ್ದಳು.

ಸಿನಿಮಾ ಮುಗಿದರೆ ತಾನೇ ಮೊದಲಿನಿಂದ ಓಡುವಂತೆ ಮಹಬೂಬ ಅದನ್ನೇ ನಾಲ್ಕಾರು ಸಲ ತುಂಬಿಸಿಟ್ಟಿದ್ದ. ಮತ್ತೆ ಶುರುವಾಯಿತು. ಆಗ ಹಿಂದಿನಿಂದ ಒಬ್ಬ ಮುದುಕರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ನಿಂಗಮ್ಮನ ಅಪ್ಪ ಬೀರಪ್ಪ, ಮಗಳ ಸಿನಿಮಾ ನೋಡಲು ದೇವದುರ್ಗದಿಂದ ಬಸ್ಸಿನಲ್ಲಿ ಬಂದಿದ್ದರು. ಅವರಿಗೆ ಪಂಡಿತರೂ ಗೊತ್ತಿಲ್ಲ, ಪ್ರದರ್ಶನವೂ ಗೊತ್ತಿಲ್ಲ. ಟೀವಿಯ ಮುಂದೆ ಕೋಲೂರಿ ನಿಂತು ನೋಡಿದರು. ಕುರಿಗಳು ಹತ್ತಿರ ಹತ್ತಿರ ಸರಿಯತೊಡಗಿದಂತೆ ಅವರ ಕೈ ಹೆಗಲ ಮೇಲಿನ ಕಂಬಳಿಗೆ ಹೋಯಿತು. ಕುರಿಗಳು ಒಂದರ ಹೊಟ್ಟೆ ಕೆಳಗೊಂದು ತಲೆ ತೂರಿಸಿ ನಿಂತವು. ಬೀರಪ್ಪ ಕಂಬಳಿ ಎತ್ತಿ ತಲೆಯ ಮೇಲೆ ಹಾಕಿಕೊಂಡು, ಅದರ ಅಂಚನ್ನು ಹಣೆಯ ತನಕ ಎಳೆದುಕೊಂಡರು.

ಪಂಡಿತರು ನೋಡಿದರು. "ಯಾಕಜ್ಜಾ, ಒಳಗೆ ಕಂಬಳಿ ಹೊದ್ದುಕೊಂಡೆ?"

ಅಜ್ಜ ಪರದೆಯಿಂದ ಕಣ್ಣು ಕೀಳದೆ, "ಬಿಸಿಲು ಏರ್ಯಾದಲ್ರಿ" ಅಂದರು.

"ಎಲ್ಲಿದೆ ಬಿಸಿಲು? ಚಿತ್ರದಲ್ಲಿ ಸೂರ್ಯನೇ ಇಲ್ಲವಲ್ಲ!"

ಹೌದು, ಸೂರ್ಯನನ್ನು ಬರೆಯಲು ನಾನು ಮರೆತೇಬಿಟ್ಟಿದ್ದೆ. ಹನ್ನೊಂದು ಭಾನುವಾರ ಮೂವರೂ ಮರೆತಿದ್ದೆವು.

ಬೀರಪ್ಪ ಆಗ ತಿರುಗಿದರು. "ಕುರಿ ಹೇಳಾಕತ್ತಾವಲ್ರಿ ಸಾಹೇಬರ. ಮತ್ತ ಸೂರ್ಯನ್ನ ಯಾಕ ಕೇಳಬೇಕು?"

ಹಾಲೆಲ್ಲಾ ನಕ್ಕಿತು. ಪಂಡಿತರು ನಗಲಿಲ್ಲ. ಟೀವಿಯ ಮುಂದೆ ಬಗ್ಗಿ ಸಿನಿಮಾವನ್ನು ಮೊದಲಿನಿಂದ ಮೂರು ಸಲ ನೋಡಿದರು. "ಗುಂಪು ಸೇರಬೇಕೆಂದು ನೀವು ಬರೆದಿಲ್ಲವೇ?" "ಇಲ್ಲರಿ. ಬಿಸಿ ಏರಿದಂಗ ಮಗ್ಗಲಿನದರ ಹತ್ತರ ಹೋಗು ಅಂತ ಅಷ್ಟೇ ಬರೆದೀನಿ." "ಇದನ್ನು ನಿಮಗೆ ಯಾರು ಹೇಳಿಕೊಟ್ಟರು?" ಈಗ ನನ್ನ ನಾಲಿಗೆ ಬಿಚ್ಚಿಕೊಂಡಿತು. ನಿಂಗಮ್ಮನನ್ನು ಎಳೆದು ಮುಂದೆ ನಿಲ್ಲಿಸಿ, "ಇವರು, ನನ್ನ ಗುರುಗಳು" ಎಂದೆ. ಪಂಡಿತರು, ದೊಡ್ಡ ಮನುಷ್ಯ ಅವರು, ನಿಂಗಮ್ಮನಿಗೆ ಕೈ ಮುಗಿದರು. "ನಾನು ಕಲಿತ ಪುಸ್ತಕಗಳಲ್ಲಿ ಇದಿಲ್ಲ ತಾಯಿ" ಅಂದರು. ನಿಂಗಮ್ಮ ನಾಚಿ ನನ್ನ ಬೆನ್ನ ಹಿಂದೆ ತಲೆ ತೂರಿಸಿದಳು, ತನ್ನ ಕುರಿಗಳ ಹಾಗೆಯೇ.

ಮೊದಲ ಬಹುಮಾನ ನಮಗೇ ಬಂತು. ಕಂಪ್ಯೂಟರ್ ಮಾನ್ವಿಯಲ್ಲೇ ಇರಲಿ ಎಂದು ಎಂಟು ದಿನಕ್ಕೆ ಕಾಗದ ಬಂತು. ಹೆಡ್ ಮಾಸ್ತರು ಪೇಢೆ ಹಂಚಿದರು, ಕುಂಕುಮದ ಬಟ್ಟಲು ಮಾತ್ರ ಕೋಣೆಯ ಹೊರಗೇ ಇಡಿಸಿದೆ. ಸರ್ಟಿಫಿಕೇಟನ್ನು ಯಾವತ್ತೋ ಗೆದ್ದಲು ತಿಂದಿತು. ಉಳಿದದ್ದು ಈ ಕಂಬಳಿ. ಅಂದು ಹಾಲಿನ ಬಾಗಿಲಲ್ಲಿ ಬೀರಪ್ಪ ತಮ್ಮ ತಲೆಯ ಮೇಲಿಂದ ತೆಗೆದು, "ಯವ್ವಾ, ನಮ್ಮ ಕುರಿ ಸರಿಯಾಗಿ ನೋಡಿದಿ" ಎಂದು ನನ್ನ ಹೆಗಲಿಗೆ ಹಾಕಿದ್ದು.

ಇಷ್ಟು ಹೇಳಿ ನಿಲ್ಲಿಸಿದೆ. ಶಾರದಾ ಸುಲಿಯುವುದನ್ನು ಎಂದೋ ಬಿಟ್ಟಿದ್ದಳು. ಆದರೂ ಅವಳ ಮುಖದಲ್ಲಿ ಒಂದು ಅನುಮಾನ ಉಳಿದಿತ್ತು. "ಹೆಂಗ ಕಾಣ್ತಿತ್ತೋ ಏನೋ ಅಕ್ಕೋರ, ನೋಡದ ನನಗ ತಿಳಿಯಂಗಿಲ್ಲ."

ನಾನು ಕಂಬಳಿಯನ್ನು ನೆಲಕ್ಕೆ ಹಾಸಿದೆ. ಅವಳ ಮೊರದಿಂದ ಒಂದು ಹಿಡಿ ಬೀಜ ಎತ್ತಿ ಚೆಲ್ಲಿದೆ. ಮಂಡಿ ಊರಿದಾಗ ಕಟಕಟ ಅಂದಿತು, ಅನ್ನಲಿ. ಮುಂಜಾನೆಯ ತಂಪಿನಲ್ಲಿ ಬೀಜಗಳು ದೂರ ದೂರ ಮೇಯ್ದವು. ನಾನು ಒಂದು ಮಾತೂ ಆಡಲಿಲ್ಲ. ಎರಡೂ ಕೈಯಿಂದ ಒಂದೊಂದನ್ನೇ, ನಿಂಗಮ್ಮ ಸರಿಸಿದ ಹಾಗೆಯೇ, ಮಗ್ಗಲಿನದರ ಕಡೆಗೆ ಸರಿಸುತ್ತಾ ಹೋದೆ. ಸರಿದವು, ಇನ್ನಷ್ಟು ಸರಿದವು, ಒಂದಕ್ಕೊಂದು ಒತ್ತಿಕೊಂಡು ನಿಂತವು.

ತಲೆಯೆತ್ತಿ ನೋಡಿದೆ. ಶಾರದಾ ಕಣ್ಣು ಕಿರಿದು ಮಾಡಿ ಕಂಬಳಿಯನ್ನೇ ನೋಡುತ್ತಿದ್ದಳು. ಫ್ಯಾನಿನ ಕೆಳಗೆ, ಮನೆಯ ನೆರಳಿನಲ್ಲಿ ಕೂತೇ, ಅವಳಿಗೆ ಗೊತ್ತಿಲ್ಲದಂತೆ ಅವಳ ಕೈ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.