ಆಕ್ಸಿಲರೇಟರ್ ಒತ್ತಿದರೆ ಕಟಕಟ

ನನ್ನ ಕಿವಿ ಬಹಳ ಸೂಕ್ಷ್ಮ ಎಂದು ನಾನು ಹೇಳಿಕೊಳ್ಳುತ್ತೇನೆ. ಸುಮ್ಮನಿರಲಾರದ ಕಿವಿ ಎಂದು ನನ್ನ ಹೆಂಡತಿ ಗಿರಿಜೆ ಹೇಳುತ್ತಾಳೆ. ನಲ್ಲಿ ತೊಟ್ಟಿಕ್ಕಿದರೆ ಊಟದ ನಡುವೆ ಎದ್ದು ಹೋಗುತ್ತೇನೆ, ಫ್ಯಾನು ಕಿರುಗುಟ್ಟಿದರೆ ಸ್ಟೂಲು ಹತ್ತುತ್ತೇನೆ. ಇಂಥವನ ಕಾರಿನೊಳಗೆ ಹೋದ ಕಾರ್ತಿಕದಲ್ಲಿ ಒಂದು ಸದ್ದು ಬಂದು ಸೇರಿಕೊಂಡಿತು. ನಿಂತಾಗ ಇಲ್ಲ, ನಿಧಾನ ಹೋದಾಗ ಇಲ್ಲ. ವೇಗ ಏರಿಸೋಣವೆಂದು ಆಕ್ಸಿಲರೇಟರ್ ಒತ್ತಿದೆನೋ, ಬಾನೆಟ್ಟಿನೊಳಗಿಂದ ಕಟಕಟಕಟ. ಕಾಲು ತೆಗೆದರೆ ಏನೂ ನಡೆದೇ ಇಲ್ಲವೆಂಬಂತೆ ಮೌನ.

ಬೇರೆ ಕಾಲದಲ್ಲಾಗಿದ್ದರೆ ರೇಡಿಯೊ ಜೋರು ಮಾಡಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಮಗಳು ಸುಮಾ ಚೊಚ್ಚಲ ಹೆರಿಗೆಗೆಂದು ಹರಿಹರದ ನಮ್ಮ ಮನೆಗೆ ಬಂದಿದ್ದಳು. ತೋರಿಸುತ್ತಿದ್ದ ಡಾಕ್ಟರು ದಾವಣಗೆರೆಯಲ್ಲಿ. ನೋವು ಕಾಣಿಸಿಕೊಂಡ ಕೂಡಲೇ ಅವಳನ್ನು ಅಲ್ಲಿಗೆ ಮುಟ್ಟಿಸುವ ಜವಾಬ್ದಾರಿ ನನ್ನದು ಮತ್ತು ಈ ಕಾರಿನದು. ದಾರಿ ದೂರದ್ದೇನಲ್ಲ. ಆದರೆ ಕಾರು ನಡುವೆ ಕೈಕೊಟ್ಟರೆ ಎಷ್ಟು ಹತ್ತಿರದ ಊರಾದರೂ ದೂರವೇ.

ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಪೆಟ್ರೋಲು ಸರಿಯಿಲ್ಲ ಎಂದರು. ಮೊಬೈಲಿನ ವಿಡಿಯೊದಲ್ಲಿ ಯಾರೋ ಒಬ್ಬ ಮಹಾನುಭಾವ, ಇಂಥ ಸದ್ದು ಬಂದರೆ ಎಂಜಿನ್ನಿನ ಕಥೆ ಮುಗಿಯಿತು ಎಂದು ನಗುನಗುತ್ತಾ ವಿವರಿಸಿದ. ಮೆಕ್ಯಾನಿಕ್ ಖಾದರ್ ಮಾತ್ರ ಯಾವ ತೀರ್ಪನ್ನೂ ಕೊಡದೆ, "ಸೌಂಡ್ ಹೆಂಗೆ ಬರ್ತೈತೆ, ಮಾಡಿ ತೋರಿಸ್ರಿ ಸಾರ್" ಎಂದ.

ನಾನು ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಸದ್ದಿನ ವಿಷಯದಲ್ಲಿ ನಮ್ಮ ಭಾಷೆಗೆ ಬಡತನವಿಲ್ಲ. ಮಳೆಗೆ ಪಟಪಟ, ಗೆಜ್ಜೆಗೆ ಘಲಘಲ, ಹಲ್ಲಿಗೆ ಕಟಕಟ. ಇವಕ್ಕೆಲ್ಲ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬ ಗೌರವದ ಪೀಠವೇ ಇದೆ. ಆ ವಿದ್ಯೆಯನ್ನೆಲ್ಲ ಗ್ಯಾರೇಜಿನ ನಡುವೆ ನಿಂತು, ಕಾಲಿನಿಂದ ಇಲ್ಲದ ಪೆಡಲು ಒತ್ತುತ್ತಾ, ಬಾಯಿಂದ ಹೊರಡಿಸಿದೆ. ಬೈಕ್ ರಿಪೇರಿಗೆ ಬಂದಿದ್ದವರೊಬ್ಬರು ನನ್ನ ಹಳೆಯ ವಿದ್ಯಾರ್ಥಿಯಂತೆ. ನಮಸ್ಕಾರ ಮಾಡಿ, ಆರೋಗ್ಯ ವಿಚಾರಿಸಿದರು.

ಖಾದರ್ ಎಂಜಿನ್ನಿನ ಕೆಳಗಿನ ರಬ್ಬರು ಸವೆದಿದೆಯೆಂದು ಹೊಸದು ಹಾಕಿದ. ಸದ್ದು ಹೋಗಲಿಲ್ಲ. ಸೈಲೆನ್ಸರಿನ ತಗಡು ಸಡಿಲವೆಂದು ಬಿಗಿ ಮಾಡಿದ. ಆಗಲೂ ಹೋಗಲಿಲ್ಲ. ನಾನು ದಿನವೂ ಒಂದಲ್ಲ ಒಂದು ನೆಪ ಹೇಳಿ ದಾವಣಗೆರೆಗೆ ಒಬ್ಬನೇ ಹೋಗಿಬರತೊಡಗಿದೆ. ಶಾಮನೂರು ಕಡೆ ರಸ್ತೆ ಖಾಲಿ ಕಂಡಲ್ಲಿ ಪೆಡಲು ಒತ್ತುವುದು, ಕಟಕಟ ಕೇಳಿದೊಡನೆ ಕಾಲು ತೆಗೆಯುವುದು. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಕಾರಿನ ಬಗ್ಗೆ ಅಲ್ಲ.

"ದಿನ ತುಂಬಿರೋದು ಮಗಳಿಗೋ, ಕಾರಿಗೋ?" ಎಂದು ಗಿರಿಜೆ ಒಮ್ಮೆ ಕೇಳಿದಳು. ಆಂಬುಲೆನ್ಸ್ ಇದ್ದೇ ಇದೆಯಲ್ಲ ಎಂದಳು. ನನ್ನ ಮುಖ ನೋಡಿ ಸುಮಾಗೆ ಏನನ್ನಿಸಿತೋ, ಹತ್ತಿರ ಬಂದು ಕೂತು, "ಅಪ್ಪಾಜಿ, ನಾನು ನಿಮ್ಮ ಕಾರಲ್ಲೇ ಬರೋದು. ನೀವು ಹೆದ್ರಬ್ಯಾಡ್ರಿ" ಎಂದಳು. ಹೆರಬೇಕಾದವಳು ಡ್ರೈವರಿಗೆ ಧೈರ್ಯ ಹೇಳುವ ಸ್ಥಿತಿ ಬಂದಿತ್ತು.

ಕೊನೆಗೆ ಖಾದರ್, ಬೇರೇನೂ ತೋಚದೆ, ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಫಿಲ್ಟರನ್ನಾದರೂ ಒರೆಸೋಣವೆಂದು ಅದರ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದ. ಒಳಗೆ ಬೊಗಸೆ ತುಂಬ ಮೆಕ್ಕೆಜೋಳ! ಜೊತೆಗೆ ಕಡಿದ ಹತ್ತಿ, ನಮ್ಮ ಮನೆಯ ಕಾಲೊರಸಿನ ಚೂರು. ಪೆಡಲು ಒತ್ತಿದಾಗ ಎಂಜಿನ್ ಜೋರಾಗಿ ಗಾಳಿ ಎಳೆಯುತ್ತದೆ, ಕಾಳೆಲ್ಲ ಕುಣಿದು ಡಬ್ಬಿಗೆ ಬಡಿಯುತ್ತವೆ. ಇಷ್ಟೇ. ಕೊಂಡಜ್ಜಿ ಊರಿನಲ್ಲಿರುವ ನನ್ನ ಭಾಮೈದ ನಮ್ಮ ಆಕಳಿಗೆಂದು ಮೆಕ್ಕೆಜೋಳದ ಚೀಲ ತಂದು ಕಾರಿನ ಶೆಡ್ಡಿನಲ್ಲಿ ಇಳಿಸಿಹೋಗಿದ್ದ. ಇಲಿ ಅದನ್ನು ಸಾಗಿಸಿತ್ತು.

ಇಲಿ ಇರುವುದು ನನಗೆ ಮೊದಲೇ ಗೊತ್ತಿತ್ತು. ಬೋನು ತಂದಿದ್ದೆ, ಪಾಷಾಣವನ್ನೂ ತಂದಿದ್ದೆ. ಬಸುರಿ ಇರುವ ಮನೆಯಲ್ಲಿ ಜೀವ ತೆಗೆಯಬಾರದೆಂದು ಗಿರಿಜೆ ಎರಡನ್ನೂ ಅಟ್ಟಕ್ಕೆ ಎಸೆದಿದ್ದಳು. ಮಗಳಿಗೆ ಕೇಡಾಗದಿರಲೆಂದು ಉಳಿಸಿದ ಇಲಿ, ಮಗಳನ್ನು ಕರೆದೊಯ್ಯಬೇಕಾದ ಕಾರಿನಲ್ಲೇ ಕಣಜ ಮಾಡಿಕೊಂಡಿತ್ತು. ಹೊಸ ರಬ್ಬರು ಹಾಕಿದ ಮುಜುಗರದಲ್ಲಿ ಖಾದರ್ ತಲೆ ಕೆರೆದುಕೊಂಡು, "ಅದಕ್ಕೂ ಚೊಚ್ಚಲ ಇರ್ಬೇಕು ಬಿಡ್ರಿ ಸಾರ್" ಎಂದ. ವಿಷಯ ತಿಳಿದ ಗಿರಿಜೆ ಚೀಲವನ್ನು ಹಿತ್ತಲಿಗೆ ಸಾಗಿಸಿದಳು, ಇಲಿಯ ಪಾಲಿಗೆ ಒಂದು ಹಿಡಿ ಕಾಳನ್ನು ಮೂಲೆಯಲ್ಲಿ ಹಾಕಿಟ್ಟಳು. ಬೋನು ಮಾತ್ರ ಕೆಳಗಿಳಿಯಲಿಲ್ಲ.

ಅದಾಗಿ ವಾರದೊಳಗೆ, ಬೆಳಗಿನ ತಿಂಡಿಯ ಹೊತ್ತಿಗೆ ಸುಮಾಗೆ ನೋವು ಬಂತು. ಹಿಂದಿನ ಸೀಟಿನಿಂದ ಅವಳು ನನ್ನ ಭುಜ ಹಿಡಿದಿದ್ದಳು. ನೋವು ಬಂದಾಗೊಮ್ಮೆ ಹಿಡಿತ ಬಿಗಿಯಾಗುತ್ತಿತ್ತು, ನನ್ನ ಕಾಲು ಪೆಡಲನ್ನು ಒತ್ತುತ್ತಿತ್ತು. ಎಂಜಿನ್ ಸದ್ದು ಮಾಡಿತೋ ಇಲ್ಲವೋ, ಈಗ ಕೇಳಿದರೆ ಹೇಳಲಾರೆ.

ಹೆರಿಗೆ ಕೋಣೆಯ ಬಾಗಿಲು ಮುಚ್ಚಿತು. ಒಳಗಿಂದ ಮಗಳ ನರಳಾಟ ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು. ಇಷ್ಟು ದಿನ ಸದ್ದೊಂದು ನಿಂತರೆ ಸಾಕೆಂದು ಒದ್ದಾಡಿದವನು, ಈಗ ಸದ್ದೊಂದು ಬರಲಿ ಎಂದು ಬಾಗಿಲಿಗೆ ಕಿವಿಯಿಟ್ಟು ನಿಂತೆ. ಗಿರಿಜೆಯೂ ಪಕ್ಕಕ್ಕೆ ಬಂದು ಕಿವಿಯಿಟ್ಟಳು.

ಬಂತು. ನನ್ನ ಜೀವಮಾನದಲ್ಲಿ ಮೊದಲ ಸಲ, ಒಂದು ಸದ್ದು ಇನ್ನೂ ಜೋರಾಗಲಿ ಎಂದು ನನಗನ್ನಿಸಿತು.